ಸ್ವಾತಿ ನಕ್ಷತ್ರದ ಕೆಳಗಿನ ದ್ವೀಪ

ಭೂಪಟದಲ್ಲಿ ಹವಾಯಿ, ನ್ಯೂಜಿಲೆಂಡ್ ಮತ್ತು ಈಸ್ಟರ್ ದ್ವೀಪಗಳನ್ನು ಗೆರೆ ಎಳೆದು ಸೇರಿಸಿದರೆ ಪೆಸಿಫಿಕ್ ಸಾಗರದಲ್ಲಿ ಒಂದು ಭಾರಿ ತ್ರಿಕೋನ ಮೂಡುತ್ತದೆ. ಇದೇ ಪಾಲಿನೇಷ್ಯಾ. ಇಲ್ಲಿ ನೆಲ ಅತ್ಯಲ್ಪ, ನೀರೇ ಎಲ್ಲ. ಆದರೂ ಯುರೋಪಿನ ಹಡಗುಗಳು ಇತ್ತ ಸುಳಿಯುವ ಶತಮಾನಗಳ ಮೊದಲೇ ಈ ಮೂರೂ ಮೂಲೆಗಳಲ್ಲಿ ಒಂದೇ ಮೂಲದ ಜನ ನೆಲೆಸಿದ್ದರು. ಅವರ ಬಳಿ ದಿಕ್ಸೂಚಿ ಇರಲಿಲ್ಲ. ಹಾಗಾದರೆ ಅಷ್ಟು ದೂರ ಹೋದದ್ದು ಹೇಗೆ?

ಗಾಳಿಗೆ ಸಿಕ್ಕಿ, ದಾರಿ ತಪ್ಪಿ ದಡ ಸೇರಿದವರಿರಬೇಕು ಎಂದು 1956ರಲ್ಲಿ ಆಂಡ್ರ್ಯೂ ಶಾರ್ಪ್ ಎಂಬ ಲೇಖಕರು ವಾದಿಸಿದರು. ಇದನ್ನು ಒಪ್ಪದವರು ಹವಾಯಿಯಲ್ಲಿದ್ದರು. ಆದರೆ ಅಲ್ಲ ಎಂದು ಮಾಡಿ ತೋರಿಸಬಲ್ಲ ಹಳೆಯ ಪದ್ಧತಿಯ ನಾವಿಕರು ಅಲ್ಲಿ ಉಳಿದಿರಲಿಲ್ಲ. ಬಾಯಿಂದ ಕಿವಿಗೆ ಬಂದ ವಿದ್ಯೆ, ಕಲಿಯುವವರು ನಿಂತಾಗ ತಾನೂ ನಿಂತಿತ್ತು.

1975ರಲ್ಲಿ ಅವರು ಹಳೆಯ ಮಾದರಿಯ ಜೋಡಿ ದೋಣಿಯೊಂದನ್ನು ಕಟ್ಟಿ ನೀರಿಗಿಳಿಸಿದರು. ಹೆಸರು ಹೊಕುಲೇಆ, ಅಂದರೆ ಆನಂದದ ತಾರೆ. ದಾರಿ ತೋರಲು ಬಂದವರು ಮೈಕ್ರೊನೇಷ್ಯಾದ ಸತಾವಲ್ ಎಂಬ ಪುಟ್ಟ ದ್ವೀಪದ ಮಾವ್ ಪಿಯಾಯ್‌ಲುಗ್. ಕಡಲಿನ ಸೆಳೆತ ಮೈಗೆ ತಿಳಿಯಲೆಂದು ಅಜ್ಜ ಅವರನ್ನು ಎಳೆಯ ವಯಸ್ಸಿನಲ್ಲೇ ದಡದ ನೀರಿನ ಹೊಂಡಗಳಲ್ಲಿ ಕೂರಿಸುತ್ತಿದ್ದರಂತೆ!

1976ರ ಮೇ 1ರಂದು ದೋಣಿ ಹವಾಯಿಯ ಮಾವಿ ದ್ವೀಪದಿಂದ ಹೊರಟಿತು. ಗುರಿ, ಸುಮಾರು 4,000 ಕಿಲೋಮೀಟರ್ ದೂರದ ತಾಹಿತಿ. ಉಪಕರಣಗಳಿಲ್ಲ. ನಕ್ಷತ್ರಗಳು ಹುಟ್ಟುವ, ಮುಳುಗುವ ಜಾಗಗಳೇ ದಿಕ್ಕು. ಮೋಡ ಕವಿದ ರಾತ್ರಿ ದೂರದಿಂದ ಉರುಳಿ ಬರುವ ಅಲೆಗಳು ದೋಣಿಯನ್ನು ತೂಗುವ ರೀತಿಯೇ ಆಧಾರ. ಸಂಜೆ ಗೂಡಿಗೆ ಮರಳುವ ಹಕ್ಕಿಗಳು ನೆಲ ಸಮೀಪವಿದೆ ಎಂಬ ಸೂಚನೆ. ಜೂನ್ 4ರಂದು ದೋಣಿ ಪಪೀಟೆ ಬಂದರು ಸೇರಿದಾಗ ಸಾವಿರಾರು ಜನ ದಡದಲ್ಲಿ ನೆರೆದಿದ್ದರು.

ಸತಾವಲ್‌ನಲ್ಲಿ ಈ ವಿದ್ಯೆ ಮನೆತನದ ಗುಟ್ಟು, ಹೊರಗಿನವರಿಗೆ ಕೊಡುವಂತಿರಲಿಲ್ಲ. ಆದರೆ ಅಲ್ಲಿನ ಹುಡುಗರಿಗೂ ಆಸಕ್ತಿ ಕುಗ್ಗುತ್ತಿತ್ತು. ಗುಟ್ಟು ಉಳಿಸಿಕೊಂಡರೆ ವಿದ್ಯೆಯೇ ಹೋದೀತೆಂದು ಕಂಡ ಮಾವ್, ಹವಾಯಿಯ ಯುವಕ ನೈನೋವಾ ಥಾಂಪ್ಸನ್‌ಗೆ ಕಲಿಸಿದರು. ಈ ಶಿಷ್ಯ ಹೊನೊಲುಲುವಿನ ತಾರಾಲಯದಲ್ಲೂ ಕುಳಿತು ಆಕಾಶವನ್ನು ಅಭ್ಯಾಸ ಮಾಡಿದ. 1980ರಲ್ಲಿ ಉಪಕರಣಗಳಿಲ್ಲದೆ ತಾಹಿತಿಗೆ ಹೋಗಿ ಮರಳಿದ. ಮಾವ್ 2010ರಲ್ಲಿ ತೀರಿಕೊಂಡರು. ಅವರ ವಿದ್ಯೆ ಶಿಷ್ಯರಲ್ಲಿ ಉಳಿಯಿತು. 2017ರಲ್ಲಿ ಹೊಕುಲೇಆ ಭೂಮಿಯನ್ನೇ ಸುತ್ತಿ ಹವಾಯಿಗೆ ಮರಳಿತು.

ಹೊಕುಲೇಆ ಎಂಬ ಆ ತಾರೆ ಬೇರಾವುದೂ ಅಲ್ಲ, ನಮ್ಮ ಸ್ವಾತಿ. ಹವಾಯಿಯಲ್ಲಿ ಅದು ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ಸರಿದಷ್ಟೂ ಓರೆಯಾಗಿ ಕಾಣುತ್ತದೆ. ಅಂದರೆ ದಕ್ಷಿಣದಿಂದ ಮರಳುವ ನಾವಿಕನಿಗೆ ಸ್ವಾತಿ ನೆತ್ತಿಗೆ ಬಂದರೆ ತನ್ನ ನಾಡಿನ ಅಕ್ಷಾಂಶ ಸೇರಿದಂತೆ. ಬೀದರ್‌ನಲ್ಲೂ ಅದು ಹೆಚ್ಚುಕಡಿಮೆ ನೆತ್ತಿಯ ಮೇಲೇ ಬರುತ್ತದೆ; ಮೈಸೂರಿನಲ್ಲಿ ತುಸು ಉತ್ತರಕ್ಕೆ ವಾಲಿರುತ್ತದೆ. ಮೇ ಕೊನೆಯ ವಾರ, ರಾತ್ರಿ ಹತ್ತರ ಸುಮಾರಿಗೆ, ಮಕ್ಕಳನ್ನು ಮಹಡಿಗೆ ಕರೆದೊಯ್ದು ತಲೆ ಎತ್ತಿಸಿ. ಕೇಸರಿ ಬಣ್ಣದಲ್ಲಿ ಹೊಳೆಯುತ್ತಿರುವುದೇ ಸ್ವಾತಿ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಅವರನ್ನೂ ಕರೆಯಿರಿ. ಮಳೆ ನಕ್ಷತ್ರಗಳ ಲೆಕ್ಕ ಅವರಿಗೆ ಬಾಯಲ್ಲೇ ಇರಬಹುದು.