ಹಿನ್ನೀರಿನಾಚೆಯ ತುಮರಿ ಸೀಮೆ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಸದ್ಭಕ್ತರು ಮಲೆನಾಡಿಗೆ ಯಾತ್ರೆ ಹೊರಟರೆಂದರೆ ಕೆಳದಿಯ ರಾಮೇಶ್ವರ, ಇಕ್ಕೇರಿಯ ಅಘೋರೇಶ್ವರ, ಜೋಗದ ಜಲಪಾತ, ಸಿಗಂದೂರಿನ ಚೌಡೇಶ್ವರಿ, ಇವಿಷ್ಟನ್ನು ಎರಡು ದಿನಗಳಲ್ಲಿ ನೋಡಿ ಮರಳುವುದು ವಾಡಿಕೆ. ದಾರಿಯಲ್ಲಿ ದಾಟಿದ ನೀರು ಯಾವುದು, ಆ ನೀರಿನ ಆಚೆ ಬಾಳುವವರು ಯಾರು ಎಂದು ಕೇಳಿಕೊಳ್ಳುವಷ್ಟು ಬಿಡುವು ಯಾತ್ರಿಕರಿಗೆ ಸಿಗುವುದು ಅಪರೂಪ. ಆದರೆ ಆ ನೀರಿಗೂ ನಮ್ಮ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಉರಿಯುವ ದೀಪಕ್ಕೂ ಸಂಬಂಧವುಂಟು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಾನಗಲ್ಲಿನಿಂದ ಆನವಟ್ಟಿ, ಸೊರಬ ಮಾರ್ಗವಾಗಿ ಸಾಗರಕ್ಕೆ ಹೋಗುವ ಪಯಣವೆಂದರೆ ವರದಾ ನದಿಯ ತವರಿಗೆ ಹೋಗುವ ಪಯಣವೇ ಸರಿ. ಬನವಾಸಿಯನ್ನು ಬಳಸಿ, ಹಾನಗಲ್ಲು ಸವಣೂರುಗಳ ಹೊಲಗದ್ದೆಗಳಿಗೆ ನೀರೂಡಿಸಿ, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವ ನಮ್ಮ ವರದೆ ಹುಟ್ಟುವುದು ಸಾಗರದ ಸಮೀಪದ ವರದಾಮೂಲದಲ್ಲಿ. ಅದೇ ತಾಲ್ಲೂಕಿನ ಇನ್ನೊಂದು ಹೊಳೆ ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 830 ಅಡಿ ಕೆಳಗೆ ಧುಮುಕಿ, ಹೊನ್ನಾವರದಲ್ಲಿ ಕಡಲನ್ನು ಸೇರುವ ನದಿಯದು. ಒಂದು ಮೂಡಣಕ್ಕೆ ಹರಿದು ನಮಗೆ ಅನ್ನವಿತ್ತಿತು. ಪಡುವಣಕ್ಕೆ ಹರಿದ ಮತ್ತೊಂದು ನಾಡಿಗೆ ಬೆಳಕಿತ್ತಿತು. ಆ ಬೆಳಕಿಗೆ ಬೆಲೆ ತೆತ್ತವರೇ ತುಮರಿ ಸೀಮೆಯ ಜನ.

1948ರಲ್ಲಿ ಜೋಗದ ಮೊದಲ ವಿದ್ಯುದಾಗಾರ ಕೆಲಸ ಆರಂಭಿಸಿತು. ಅದಕ್ಕೆ ನೀರನ್ನು ಹಿಡಿದಿಟ್ಟದ್ದು ಮಡೆನೂರಿನ ಬಳಿಯ ಹಿರೇಭಾಸ್ಕರ ಅಣೆಕಟ್ಟು. ನಾಡಿನ ಬೇಡಿಕೆ ಬೆಳೆದಂತೆ ಅದು ಸಾಲದಾಯಿತು. 1964ರಲ್ಲಿ ಲಿಂಗನಮಕ್ಕಿಯ ಹಿರಿಯ ಅಣೆಕಟ್ಟು ಮುಗಿದಾಗ ಹಳೆಯ ಅಣೆಕಟ್ಟೇ ಹೊಸ ನೀರಿನಲ್ಲಿ ಮುಳುಗಿತು. ಮಳೆ ತಡವಾಗಿ ಹಿನ್ನೀರು ತಳಕ್ಕಿಳಿದ ಬೇಸಿಗೆಗಳಲ್ಲಿ ಅದರ ಕಲ್ಲಿನ ಮೈ ಇಂದಿಗೂ ಮೇಲೆದ್ದು ಕಾಣುತ್ತದೆ. ಸಮುದ್ರಮಟ್ಟದಿಂದ 1819 ಅಡಿಯವರೆಗೆ ನಿಲ್ಲುವ ಈ ಹಿನ್ನೀರಿನಡಿಯಲ್ಲಿ ಗದ್ದೆಗಳು, ಅಡಕೆ ತೋಟಗಳು, ಊರುಗಳು, ಗುಡಿಗಳು, ಸಂತೆಗೆ ಹೋಗುವ ಗಾಡಿದಾರಿಗಳು ಎಲ್ಲವೂ ಅಡಗಿಹೋದವು. ಮುಳುಗಡೆಯ ಸಂತ್ರಸ್ತರಲ್ಲಿ ಬಹುಜನ ಊರು ತೊರೆದು ಜಿಲ್ಲೆಯ ಬೇರೆ ಬೇರೆ ಕಾಡಂಚುಗಳಿಗೆ ಗುಳೆ ಹೋದರು. ಕರೂರು, ಭಾರಂಗಿ ಹೋಬಳಿಗಳ ಎತ್ತರದ ನೆಲದಲ್ಲಿದ್ದವರು ಇದ್ದಲ್ಲಿಯೇ ಉಳಿದರು. ಅವರ ನೆಲ ಮುಳುಗದಿದ್ದರೂ ದಾರಿ ಮುಳುಗಿತು.

ಮೂರು ದಿಕ್ಕಿಗೆ ನೀರು, ಉಳಿದ ದಿಕ್ಕಿಗೆ ಸಹ್ಯಾದ್ರಿಯ ದಟ್ಟ ಕಾಡು. ತುಮರಿ, ಬ್ಯಾಕೋಡು, ಕಳಸವಳ್ಳಿ, ಸಿಗಂದೂರು ಮೊದಲಾದ ಹಳ್ಳಿಗಳನ್ನು ಜನರು ‘ದ್ವೀಪ’ವೆಂದೇ ಕರೆಯತೊಡಗಿದರು. ತಾಲ್ಲೂಕಿನ ಕಚೇರಿ, ಆಸ್ಪತ್ರೆ, ಮಾರುಕಟ್ಟೆ, ಕಾಲೇಜು ಎಲ್ಲವೂ ಇದ್ದುದು ನೀರಿನಾಚೆಯ ಸಾಗರದಲ್ಲಿ. ಕಾರ್ಗಲ್ಲಿನ ಕಡೆಯಿಂದ ಕಾಡು ಬಳಸಿ ಹೋದರೆ 80 ಕಿಲೋಮೀಟರಿನ ಆಸುಪಾಸಿನ ಸುತ್ತು. ಹೀಗಾಗಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ದಡಗಳ ನಡುವೆ ಓಡಾಡುತ್ತಿದ್ದ ಸರ್ಕಾರದ ಲಾಂಚ್ ಒಂದೇ ಅವರ ಜೀವನಾಡಿಯಾಯಿತು. ಜನ, ದನ, ಅಡಕೆ ಮೂಟೆ, ಗೊಬ್ಬರದ ಚೀಲ, ಮದುವೆಯ ದಿಬ್ಬಣ, ಕೊನೆಗೆ ಪ್ರಯಾಣಿಕರ ಸಮೇತ ಬಸ್ಸು ಕೂಡ ಆ ಲಾಂಚಿನ ಮೇಲೆಯೇ ದಾಟಬೇಕು.

ನಾವು ಹಿಂದೆ ಎರಡು ಸಲ ಆ ಲಾಂಚಿನಲ್ಲಿ ದಾಟಿದ್ದುಂಟು. ಯಾತ್ರಿಕರಾದ ನಮಗೆ ಅದೊಂದು ವಿನೋದ. ತಂಗಾಳಿ, ತಿಳಿನೀರು, ದೂರದ ಹಸಿರು ಗುಡ್ಡಗಳು. ಆದರೆ ನಮ್ಮ ಬದಿಯಲ್ಲಿ ನಿಂತಿದ್ದ ಆ ಕಡೆಯ ಗೃಹಿಣಿಯೊಬ್ಬರು ನೀರಿನತ್ತ ನೋಡುತ್ತಲೇ ಇರಲಿಲ್ಲ. ಸಾಗರದ ಆಸ್ಪತ್ರೆಯಲ್ಲಿ ಸರದಿ ಸಿಕ್ಕುವುದೋ ಇಲ್ಲವೋ, ಸಂಜೆಯ ಕೊನೆಯ ಲಾಂಚಿಗೆ ಮರಳಬಹುದೋ ಇಲ್ಲವೋ ಎಂಬುದೇ ಅವರ ಚಿಂತೆ. ಕತ್ತಲಾದ ಮೇಲೆ ಲಾಂಚಿಲ್ಲ. ಮಳೆ ತಡವಾಗಿ ನೀರು ತೀರ ಇಳಿದರೆ ವಾಹನಗಳನ್ನು ಹತ್ತಿಸಿಕೊಳ್ಳುವಂತಿಲ್ಲ. ಸಂಕ್ರಾಂತಿಯ ಜಾತ್ರೆಗೆ ಸಿಗಂದೂರಿನ ಯಾತ್ರಿಕರ ವಾಹನಗಳು ಸಾಲುಗಟ್ಟಿದರೆ ಊರಿನವರೂ ಕಾಯಬೇಕು. ರಾತ್ರಿ ಹೆರಿಗೆನೋವು ಬಂದರೆ, ಹಾವು ಕಚ್ಚಿದರೆ ಆ ಮನೆಯವರ ಪಾಡೇನು? ಒಂದೂರಿನ ಏಳಿಗೆಯನ್ನು ಅಳೆಯಬೇಕಾದರೆ ಹಗಲು ಬರುವ ಯಾತ್ರಿಕರ ಲೆಕ್ಕ ಸಾಲದು. ನಡುರಾತ್ರಿ ಎದ್ದ ರೋಗಿ ಎಷ್ಟು ಬೇಗ ವೈದ್ಯರ ಬಾಗಿಲು ಮುಟ್ಟುತ್ತಾನೆಂಬುದನ್ನೂ ನೋಡಬೇಕು.

ಇಂಥ ಬಾಳುವೆಯಲ್ಲಿಯೂ ಆ ಜನ ಎದೆಗುಂದಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಅಡಕೆ, ಭತ್ತ ಬೆಳೆದರು, ಮಕ್ಕಳನ್ನು ಓದಿಸಿದರು. ತುಮರಿಯಂಥ ಚಿಕ್ಕ ಊರಿನಲ್ಲಿ ನೆಲೆಗೊಂಡ ‘ಕಿನ್ನರ ಮೇಳ’ ನಾಡಿನ ಮಕ್ಕಳಿಗೆ ನಾಟಕವಾಡಿ ತೋರಿಸಿ ಹೆಸರಾಯಿತು. ಸಾಗರದ ಹಿರಿಯ ಕಾದಂಬರಿಕಾರ ನಾ. ಡಿಸೋಜ ಅವರು ಮುಳುಗಡೆಯ ಸಂಕಟವನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ದಾಖಲಿಸಿದರು. ಗಿರೀಶ ಕಾಸರವಳ್ಳಿಯವರು ‘ದ್ವೀಪ’ವನ್ನು ಚಲನಚಿತ್ರವಾಗಿಸಿದಾಗ ಅದಕ್ಕೆ ರಾಷ್ಟ್ರಪ್ರಶಸ್ತಿ ಸಂದಿತು. ಇತ್ತ ಸೇತುವೆಗಾಗಿ ತುಮರಿಯ ಜನ ವರ್ಷಾನುವರ್ಷ ಮನವಿ ಕೊಟ್ಟರು, ಹೋರಾಡಿದರು. 2018ರ ಫೆಬ್ರವರಿಯಲ್ಲಿ ಶಿಲಾನ್ಯಾಸವಾಯಿತು. 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಸೇತುವೆಯನ್ನು ಲೋಕಾರ್ಪಣೆ ಮಾಡಿದರು. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡ ಡಿಸೋಜ ಅವರಿಗೆ ಆ ದಿನವನ್ನು ಕಾಣುವ ಭಾಗ್ಯವಿರಲಿಲ್ಲ.

ಸೇತುವೆ ತೆರೆದ ಮೇಲೆ ನಾವು ಹಾನಗಲ್ಲಿನ ಕೆಲವು ಭಕ್ತರೊಡನೆ ಅದೇ ದಾರಿಯಲ್ಲಿ ಹೋದೆವು. ಸುಮಾರು 2.44 ಕಿಲೋಮೀಟರು ಉದ್ದದ ಸೇತುವೆ. ನಡುಭಾಗವನ್ನು ಎತ್ತರದ ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು ಹಿಡಿದು ನಿಂತಿವೆ. ಲಾಂಚಿಗಾಗಿ ತಾಸುಗಟ್ಟಲೆ ಕಾದಿದ್ದ ನೀರನ್ನು ಕೆಲವೇ ನಿಮಿಷಗಳಲ್ಲಿ ದಾಟಿದೆವು. ಆಚೆಯ ದಡದ ಚಹದ ಅಂಗಡಿಯಲ್ಲಿ ಕುಳಿತಿದ್ದ ವೃದ್ಧರೊಬ್ಬರನ್ನು, “ಈಗ ಸುಖವಾಯಿತೇ ಯಜಮಾನರೇ?” ಎಂದು ವಿಚಾರಿಸಿದೆವು. “ಸುಖವೇ ಶಾಸ್ತ್ರಿಗಳೇ. ಗಡಿಯಾರ ನೋಡದೆ ಪೇಟೆಗೆ ಹೋಗಿ ಬರುತ್ತೇವೆ. ಆದರೆ ಅಪ್ಪನ ಕಾಲದಲ್ಲಿ ನೀರು ಬಂತು, ಮೊಮ್ಮಗನ ಕಾಲದಲ್ಲಿ ಸೇತುವೆ ಬಂತು” ಎಂದು ಅವರು ನಕ್ಕರು. ಆ ನಗೆಯಲ್ಲಿ ಅರವತ್ತೊಂದು ವರ್ಷಗಳ ಲೆಕ್ಕವಿತ್ತು.

ಸೇತುವೆಯೊಂದರಿಂದಲೇ ಎಲ್ಲವೂ ಮುಗಿಯಲಿಲ್ಲ. ಮುಳುಗಡೆಯ ಸಂತ್ರಸ್ತರ ಭೂಹಕ್ಕಿನ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಸುತ್ತಲಿನದು ಶರಾವತಿ ಕಣಿವೆಯ ಅಭಯಾರಣ್ಯ. ವಾಹನಗಳ ಸಂಖ್ಯೆ ಬೆಳೆದಂತೆ ಕಾಡಿಗೂ ಹಳ್ಳಿಗೂ ಹೊಸ ಭಾರ ಬೀಳುವುದು ಸಹಜ. ದಾರಿಗೆ ಎರಡು ತುದಿಗಳುಂಟು. ಒಳ್ಳೆಯ ವೈದ್ಯರು, ಶಿಕ್ಷಕರು ಆ ದಾರಿಯಲ್ಲಿ ಒಳಗೆ ಬರಬಹುದು, ಊರಿನ ತರುಣರು ಅದೇ ದಾರಿಯಲ್ಲಿ ಹೊರಗೆ ಹೋಗಿ ಮರಳದಿರಲೂಬಹುದು. ಶಾಲೆ, ಆಸ್ಪತ್ರೆ, ದುಡಿಮೆ ಊರಿನಲ್ಲಿಯೇ ಬೆಳೆದರೆ ಮಾತ್ರ ಸೇತುವೆ ಸಾರ್ಥಕವಾದೀತು.

ಇದರಲ್ಲಿ ನಮ್ಮ ಪಾಲೇನೆಂದು ವಾಚಕರು ಕೇಳಬಹುದು. ಶರಾವತಿಯ ವಿದ್ಯುತ್ತು ರಾಜ್ಯದ ತಂತಿಗಳಲ್ಲಿ ಹರಿದು ನಮ್ಮ ಹಿಟ್ಟಿನ ಗಿರಣಿಗಳನ್ನು ತಿರುಗಿಸಿತು, ಬಾವಿಗಳ ಪಂಪ್‌ಸೆಟ್ಟುಗಳನ್ನು ಓಡಿಸಿತು, ಮಕ್ಕಳ ಓದಿಗೆ ದೀಪವಾಯಿತು. ಹೆದ್ದಾರಿಯ ಮಗ್ಗುಲಲ್ಲಿರುವ ಶಿಗ್ಗಾವಿಯವರಿಗೆ ದಾರಿಯ ಬೆಲೆ ನೆನಪಾಗದಿರಬಹುದು. ಸವಣೂರಿನ ಎಲೆಬಳ್ಳಿಯ ರೈತನಿಗೆ ಮಾತ್ರ ಅದು ಚೆನ್ನಾಗಿ ಗೊತ್ತು. ಕೊಯ್ದ ಎಲೆ ಹೊತ್ತಿಗೆ ಸರಿಯಾಗಿ ಪೇಟೆ ಸೇರದಿದ್ದರೆ ಬೆಳೆದವನ ಶ್ರಮ ಬಾಡುತ್ತದೆ. 2019ರ ಆಗಸ್ಟಿನಲ್ಲಿ ವರದೆ ಉಕ್ಕಿ ಹರಿದಾಗ ಹಾನಗಲ್ಲು, ಸವಣೂರು ತಾಲ್ಲೂಕುಗಳ ನದೀತೀರದ ಹಳ್ಳಿಗಳು ಸಂಪರ್ಕ ಕಡಿದು ಕೆಲವು ದಿನ ದ್ವೀಪಗಳೇ ಆಗಿದ್ದವು. ನಾವು ಕೆಲವು ದಿನ ಉಂಡ ಕಷ್ಟವನ್ನು ತುಮರಿಯವರು ಎರಡು ತಲೆಮಾರು ಉಂಡರು.

ಆದುದರಿಂದ ಮುಂದಿನ ಸಲ ಸಿಗಂದೂರಿಗೆ ಹೊರಟ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ಸೇತುವೆಯ ಮೇಲೆ ವಾಹನ ನಿಲ್ಲಿಸಿ ದಾರಿಗೆ ಅಡ್ಡಿಯಾಗಬೇಡಿರಿ. ಹಿಂದೆ ಬರುತ್ತಿರುವುದು ಆಸ್ಪತ್ರೆಯ ವಾಹನವಾಗಿರಬಹುದು. ತಿಂಡಿಯ ಕಾಗದ, ಪ್ಲಾಸ್ಟಿಕ್ಕನ್ನು ಹಿನ್ನೀರಿಗೆ ಎಸೆಯಬೇಡಿರಿ. ತುಮರಿ, ಬ್ಯಾಕೋಡಿನ ಅಂಗಡಿಗಳಲ್ಲಿ ನಾಲ್ಕು ಕಾಸಿನ ವ್ಯಾಪಾರ ಮಾಡಿರಿ. ಈ ನೀರಿನಡಿಯಲ್ಲಿ ಊರುಗಳಿದ್ದವು, ಅವರ ಗದ್ದೆ ಮುಳುಗಿದ್ದರಿಂದ ನಮ್ಮ ಮನೆಯಲ್ಲಿ ದೀಪ ಹತ್ತಿತು ಎಂದು ಜೊತೆಯಲ್ಲಿರುವ ಮಕ್ಕಳಿಗೆ ತಿಳಿಸಿ ಹೇಳಿರಿ. ಋಣವನ್ನು ತೀರಿಸುವುದು ನಮ್ಮಿಂದಾಗದಿದ್ದರೂ, ಋಣವಿದೆಯೆಂದು ಮಕ್ಕಳಿಗೆ ಕಲಿಸುವುದು ಖಂಡಿತ ನಮ್ಮ ಕೈಯಲ್ಲಿದೆ.