ಲಾರಿಯೇ ಮನೆ

ಗಾಲಿಯ ಮೇಲೆ ಮನೆ ಮಾಡಿಕೊಂಡು ಊರೂರು ಸುತ್ತುವವರನ್ನು ನಮ್ಮ ಗುಂಡ್ಲುಪೇಟೆ ಕಡೆಯವರು ಒಮ್ಮೊಮ್ಮೆ ನೋಡಿರುತ್ತೇವೆ. ಊಟಿಗೂ ಕೇರಳಕ್ಕೂ ದಾರಿ ಕವಲೊಡೆಯುವುದು ಇಲ್ಲೇ ತಾನೆ! ಅಂಥ ವ್ಯಾನಿನಲ್ಲಿ ಮಂಚ, ಒಲೆ, ಕಕ್ಕಸು ಎಲ್ಲಾ ಇರುತ್ತದಂತೆ. ಮೋಟಾರ್ ಹೋಮ್ ಅನ್ನುತ್ತಾರೆ. ಅದರೊಳಗೆ ನಾನು ಹತ್ತಿಲ್ಲ. ಆದರೆ ಸೋದರಮಾವನ ಲಾರಿಯಲ್ಲಿ ಒಂದು ಹಗಲು, ಒಂದು ರಾತ್ರಿ ಇದ್ದು ಬಂದಿದ್ದೇನೆ. ತಿಂಗಳಲ್ಲಿ ಇಪ್ಪತ್ತು ದಿನ ಮಾವನಿಗೆ ಅದೇ ಮನೆ.

ಒಂಬತ್ತನೇ ತರಗತಿ ಪರೀಕ್ಷೆ ಮುಗಿದಿತ್ತು. ಬೋರ್‌ವೆಲ್ ಕೊರೆಸಿದ ಸಾಲ ತಲೆ ಮೇಲಿತ್ತು, ನೀರು ಮಾತ್ರ ಬಿದ್ದಿರಲಿಲ್ಲ. "ಇವ್ನ ನಿನ್ ಲಾರಿಗೆ ಕ್ಲೀನರ್ ಆಗಿ ಇಟ್ಕೊಳಪ್ಪ" ಎಂದು ಅವ್ವ ಮಾವನನ್ನು ಕೇಳಿದಳು. ಮಾವ ಆಯ್ತು ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. "ಒಂದಿನ ಬರ್ಲಿ ಕನಕ್ಕ, ನೋಡ್ಲಿ" ಎಂದ. ನನಗಂತೂ ಹಿಗ್ಗೋ ಹಿಗ್ಗು.

ಬೆಳಿಗ್ಗೆಯಿಂದ ತೆರಕಣಾಂಬಿ ಸುತ್ತಿನ ಹಳ್ಳಿಗಳಲ್ಲಿ ಅರಿಶಿನದ ಚೀಲ ತುಂಬಿಸಿದೆವು. ನಮ್ಮ ಕಡೆ ಬೇಯಿಸಿ ಒಣಗಿಸಿದ ಅರಿಶಿನ ತಮಿಳುನಾಡಿನ ಈರೋಡು ಮಾರುಕಟ್ಟೆಗೆ ಹೋಗುತ್ತದೆ. ಟೈರುಗಳನ್ನು ಕಬ್ಬಿಣದ ರಾಡಿನಿಂದ ಕುಟ್ಟಿ ಗಾಳಿ ಸರಿಯಾಗಿದೆಯೇ ಎಂದು ಸದ್ದಿನಲ್ಲೇ ತಿಳಿಯಬೇಕು. ಅದು ನನ್ನ ಕೆಲಸ. ಮಧ್ಯಾಹ್ನದ ಹೊತ್ತಿಗೆ ಕೈಯೆಲ್ಲ ಬೊಬ್ಬೆ, ಮೈಯೆಲ್ಲ ಹಳದಿ.

ಚಾಮರಾಜನಗರ ದಾಟಿ ಸತ್ಯಮಂಗಲದ ದಾರಿಯಲ್ಲಿ ಸುಮಾರು 15 ಕಿ.ಮೀ. ಹೋದರೆ ಅಟ್ಟುಗೂಳಿಪುರ. ಅಲ್ಲಿ ಸುವರ್ಣಾವತಿ, ಚಿಕ್ಕಹೊಳೆ ಎಂಬ ಅವಳಿ ಜಲಾಶಯಗಳಿವೆ. ಸುವರ್ಣಾವತಿಗೆ ಹೊನ್ನುಹೊಳೆ ಎಂಬ ಹೆಸರೂ ಇದೆ. ಅದು ಯಳಂದೂರಿನ ಕಡೆ ಹರಿದು ಕಾವೇರಿಗೆ ಸೇರುತ್ತದೆ. ಜಲಾಶಯ ತುಂಬಿದರೆ 1.26 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಅಂದರೆ 126 ಕೋಟಿ ಘನ ಅಡಿ! 2022ರ ಮಳೆಗಾಲದಲ್ಲಿ ತುಂಬಿ ಹರಿದಾಗ ಯಳಂದೂರು ಕಡೆಯ ಗದ್ದೆಗಳಿಗೆ ನೀರು ನುಗ್ಗಿತ್ತು. ನಾವು ಹೋದದ್ದು ಬೇಸಿಗೆ. ನೀರು ಹಿಂದಕ್ಕೆ ಸರಿದು ದಡದ ಕೆಸರು ಬಿರುಕು ಬಿಟ್ಟಿತ್ತು. ಹೊಸ ಹುಲ್ಲಿನಲ್ಲಿ ದನ ಮೇಯುತ್ತಿದ್ದವು. ದೂರದಲ್ಲಿ ಒಂದು ಹರಿಗೋಲು. ಆಚೆಗೆ ನೀಲಿ ಬೆಟ್ಟ.

ಆಗ ಗಂಟೆ ಐದೂವರೆ. ಮಾವ ಬೇರೆ ಲಾರಿಗಳ ಪಕ್ಕದಲ್ಲಿ ಗಾಡಿ ನಿಲ್ಲಿಸಿದ. ಮುಂದೆ ಸತ್ಯಮಂಗಲ ಹುಲಿ ರಕ್ಷಿತಾರಣ್ಯ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಆ ಕಾಡಿನೊಳಗೆ ಲಾರಿ ಬಿಡುವುದಿಲ್ಲ. ನಮ್ಮ ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ ಸಂಚಾರ ನಿಲ್ಲಿಸಿದ್ದಾರಲ್ಲ, ಹಾಗೆಯೇ. ಪ್ರಾಣಿಗಳು ರಾತ್ರಿ ರಸ್ತೆ ದಾಟುವಾಗ ಗಾಡಿಗೆ ಸಿಕ್ಕಿ ಸಾಯಬಾರದೆಂದು ಈ ನಿಯಮ. ಅದೂ ಅಲ್ಲದೆ ಹಾಸನೂರಿನ ಹತ್ತಿರ ಆನೆಗಳು ಕಬ್ಬಿನ ಲಾರಿಗಳನ್ನೇ ಅಡ್ಡಗಟ್ಟುತ್ತವೆ. "ನಮ್ ಅರಿಶಿನ ಅವುಕ್ ಬ್ಯಾಡ" ಎಂದು ಮಾವ ನಕ್ಕ.

ಸಣ್ಣ ಗ್ಯಾಸ್ ಒಲೆ ಇಳಿಸಿ ಉಪ್ಪುಸಾರು, ಮುದ್ದೆ ಮಾಡಿದ. ನೀರಿನ ಮೇಲೆ ಸಂಜೆಯ ಬಣ್ಣ ಬಿದ್ದಿತ್ತು. ತಣ್ಣನೆ ಗಾಳಿ. ಇದಕ್ಕಿಂತ ಒಳ್ಳೆ ಬದುಕು ಯಾವುದಿದೆ ಅನ್ನಿಸಿತು. ಅಷ್ಟರಲ್ಲಿ ಮಾವನ ಫೋನು ಬಡಿದುಕೊಂಡಿತು. ಅವನ ಮೂರು ವರ್ಷದ ಮಗಳು. ಮಾವ ಫೋನ್ ತಿರುಗಿಸಿ ಕೆರೆ ತೋರಿಸಿದ. "ಅಪ್ಪ ಕೆರೇಲಿ ಇರ್ತದಾ?" ಎಂದು ಕೂಸು ತಾಯಿಯನ್ನು ಕೇಳಿದ್ದು ನನಗೂ ಕೇಳಿಸಿತು. ಫೋನಿಟ್ಟ ಮೇಲೆ ಮಾವ ಬಹಳ ಹೊತ್ತು ಮಾತಾಡಲಿಲ್ಲ. ತಟ್ಟೆಯಲ್ಲಿ ಮುದ್ದೆ ಆರಿಹೋಯಿತು.

ರಾತ್ರಿ ಕ್ಯಾಬಿನ್ನಿನಲ್ಲಿ ಮಲಗಿದಾಗ ಕೇಳಿದ. "ಲಾರಿ ಇಷ್ಟ ಆಯ್ತಾ ಕೂಸು?"

"ಹೂಂ ಮಾವ."

"ನಂಗೂ ಇಷ್ಟಾನೆ. ಆದ್ರ ಇಪ್ಪತ್ತು ತುಂಬ್ದೆ ಲಾರಿ ಲೈಸೆನ್ಸ್ ಕೊಡಕಿಲ್ಲ. ನಿಂಗೀಗ ಹದಿನೈದು. ಅಲ್ಲೀಗಂಟ ಐದು ವರ್ಸ ಟೈರ್ ಕುಟ್ಟೀಯಾ? ಅದೇ ಐದು ವರ್ಸದಲ್ಲಿ ಎಸ್ಸೆಲ್ಸಿ, ಐಟಿಐ ಎರಡೂ ಮುಗೀತವ. ಆಮ್ಯಾಕೂ ಲಾರೀನೇ ಬೇಕಂದ್ರ ಬಾ, ನಾನೇ ಕಲಿಸ್ತೀನಿ. ಲಾರಿ ಎಲ್ಗೂ ಓಡೋಗಕಿಲ್ಲ. ಸ್ಕೂಲು ಓಡೋಯ್ತದ."

ನಾನು ಬೆರಳಲ್ಲಿ ಲೆಕ್ಕ ಹಾಕಿದೆ. ಮಾವನ ಲೆಕ್ಕ ಸರಿಯಾಗಿತ್ತು. ಆದರೆ ಸಾಲ? ಅದನ್ನೂ ಕೇಳಿದೆ. "ಕ್ಲೀನರ್ ಬತ್ಯದಲ್ಲಿ ಬಡ್ಡೀನೂ ತೀರಕಿಲ್ಲ. ದೊಡ್ಡವ್ರು ನಾವವಿ, ನೋಡ್ಕೋತೀವಿ. ಮಲೀಕೊ" ಎಂದ.

ಬೆಳಿಗ್ಗೆ ಐದಕ್ಕೇ ಇಂಜಿನ್ನುಗಳ ಸದ್ದು. ಮಾವ ಅವ್ವನಿಗೆ ಫೋನು ಮಾಡಿ, "ಅಕ್ಕ, ಇವ್ನ ವಾಪಸ್ ಕಳಿಸ್ತಾವ್ನಿ. ಇನ್ನೊಂದ್ ವರ್ಸ ಏನೂ ಕೇಳ್ಬ್ಯಾಡ" ಎಂದಷ್ಟೇ ಹೇಳಿದ. ನನ್ನನ್ನು ಚಾಮರಾಜನಗರದ ಬಸ್ಸಿಗೆ ಹತ್ತಿಸಿದ. ಅವನ ಲಾರಿ ಪುಣಜನೂರಿನ ಕಡೆ ಹೊರಟಿತು. ಅದರಾಚೆ ದಿಂಬಂ ಘಾಟಿಯ 27 ತಿರುವುಗಳನ್ನು ಅವನೊಬ್ಬನೇ ಇಳಿಯಬೇಕು.

ಗೆಳೆಯರೇ, ನಮ್ಮ ತರಗತಿಯಲ್ಲಿ ಈ ವರ್ಷ ಎರಡು ಜಾಗ ಖಾಲಿ ಇವೆ. ಅವರಿಬ್ಬರೂ ಎಲ್ಲಿದ್ದಾರೆಂದು ನಿಮಗೂ ಗೊತ್ತು. ಸಿಕ್ಕರೆ ಮಾವ ಹೇಳಿದ ಲೆಕ್ಕವನ್ನು ಅವರಿಗೂ ಹೇಳಿ. ಹತ್ತನೇ ತರಗತಿಗೆ ಖಾಸಗಿಯಾಗಿಯೂ ಪರೀಕ್ಷೆ ಕಟ್ಟಬಹುದು. ಅರ್ಜಿಯ ವಿಷಯ ನಮ್ಮ ಮೇಷ್ಟ್ರನ್ನು ಕೇಳಿದರೆ ಹೇಳುತ್ತಾರೆ.