ಬೆಲೆ ಹೇಳುವವರು

ನಮ್ಮ ಕಡೆ ಹತ್ತಿಯ ಬೆಲೆಯನ್ನು ಎಲ್ಲರಿಗಿಂತ ಮೊದಲು ಹೇಳುವವನು ದೇವರು. ದಸರೆಯ ರಾತ್ರಿ ಕರ್ನೂಲು ಜಿಲ್ಲೆಯ ಹೊಳಗುಂದದ ಹತ್ತಿರದ ದೇವರಗಟ್ಟಿನಲ್ಲಿ ಮಾಳಮಲ್ಲೇಶ್ವರನ ಬನ್ನಿ ಉತ್ಸವ. ಪಂಜಿನ ಬೆಳಕಲ್ಲಿ ನೆರಣಿಕಿಯವರೂ ಅವರ ಜೊತೆಗಾರ ಊರವರೂ ಒಂದು ಕಡೆ, ಉಳಿದ ಊರವರು ಇನ್ನೊಂದು ಕಡೆ, ನಡುವೆ ಬಡಿಗೆಗಳ ಸದ್ದು. ತಲೆ ಒಡೆದವನು ಗಾಯಕ್ಕೆ ಭಂಡಾರ ಮೆತ್ತಿಕೊಂಡು ಮತ್ತೆ ನುಗ್ಗುತ್ತಾನೆ. ಪೊಲೀಸರು ವರ್ಷವೂ ಬುದ್ಧಿ ಹೇಳುತ್ತಾರೆ, ಸಿಸಿ ಕ್ಯಾಮೆರಾ ಕಟ್ಟುತ್ತಾರೆ, ಡ್ರೋನ್ ಹಾರಿಸುತ್ತಾರೆ. ಜನ ಡ್ರೋನ್ ಕಡೆ ಕೈಬೀಸಿ ಬಡಿದಾಟ ಮುಂದುವರಿಸುತ್ತಾರೆ. ಕೊನೆಗೆ ಕಾರಣಿಕ. ಹೂವಿನಹಡಗಲಿಯ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಮಾತು ನುಡಿದು ಬೀಳುತ್ತಾನೆ, ಅರ್ಥ ಹಚ್ಚುವುದು ಜನರ ಪಾಡು. ದೇವರಗಟ್ಟಿನ ದೇವರು ಅಷ್ಟಕ್ಕೆ ಬಿಡುವುದಿಲ್ಲ. ಹತ್ತಿಗಿಷ್ಟು, ಜೋಳಕ್ಕಿಷ್ಟು ಎಂದು ಅಂಕಿಯನ್ನೇ ಕೊಡುತ್ತಾನೆ. ಅದೂ ಆಂಧ್ರದ ನೆಲದಲ್ಲಿ, ಕನ್ನಡದಲ್ಲಿ. ಬೆಳಗಾಗುವಷ್ಟರಲ್ಲಿ ಆ ಅಂಕಿ ಆದವಾನಿಯಿಂದ ದೇವನಕೊಂಡದವರೆಗೆ ಎಲ್ಲರ ಫೋನಿನಲ್ಲಿರುತ್ತದೆ.

ಎರಡನೆಯದಾಗಿ ಬೆಲೆ ಹೇಳುವುದು ದೆಹಲಿ. 2025-26ಕ್ಕೆ ಮಧ್ಯಮ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 7,710 ರೂಪಾಯಿ, ಉದ್ದ ಎಳೆಗೆ 8,110. ದೇವರ ಅಂಕಿಗೂ ಇದಕ್ಕೂ ಒಂದು ವ್ಯತ್ಯಾಸ ಉಂಟು. ದೇವರು ತೇವಾಂಶ ಕೇಳುವುದಿಲ್ಲ. ಆ ಬೆಲೆಗೆ ಕೊಳ್ಳುವ ಭಾರತೀಯ ಹತ್ತಿ ನಿಗಮ ಕೇಳುತ್ತದೆ. ಶೇ. 8ರವರೆಗೆ ಪೂರಾ ಬೆಲೆ, ಅಲ್ಲಿಂದ 12ರವರೆಗೆ ಕಡಿತ, 12 ದಾಟಿದರೆ ಗಾಡಿ ತಿರುಗಿಸು. ಹಿಂಗಾರು ಮಳೆ ಬಿಡಿಸುವ ಹೊತ್ತಿಗೇ ಬಂದು ಕೂತರೆ ಹತ್ತಿ ಒಣಗುವುದು ಎಲ್ಲಿಂದ?

ಇದರ ಮೇಲೆ ಆ ವರ್ಷ ‘ಕಪಾಸ್ ಕಿಸಾನ್’ ಎಂಬ ಆ್ಯಪ್ ಬಂತು. ಆಧಾರ್, ಪಾಸ್‌ಬುಕ್ಕು, ಬೆಳೆ ನೋಂದಣಿ ಎಲ್ಲ ಹಾಕಿ, ಸ್ಲಾಟ್ ಹಿಡಿದು, ಆ ದಿನವೇ ಹತ್ತಿ ಒಯ್ಯಬೇಕು. ದಲ್ಲಾಳಿಯ ಕಾಟ ತಪ್ಪಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಒಟಿಪಿ ಹೋಗುವುದು ಮಗನ ಫೋನಿಗೆ, ಮಗ ಇರುವುದು ಬೆಂಗಳೂರಿನಲ್ಲಿ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಗ್ಗಾಣಿ, ಮಿರ್ಚಿ ಬಜ್ಜಿ ಮುಂದಿಟ್ಟುಕೊಂಡವರ ಮಾತು ಕಿವಿಗೆ ಬಿತ್ತು.

“ಏನ್ ಮಾವ, ಸ್ಲಾಟ್ ಸಿಕ್ತಾ?”

“ಸಿಕ್ಕೈತಪ್ಪ. ಆದ್ರ ಮಳಿ ನನ್ನಕಿಂತ ಮುಂಚೇನ ಅದ ದಿನಕ್ಕ ಸ್ಲಾಟ್ ತಗಂಡೈತಿ.”

ಅಳಿಯ ನಗಲಿಲ್ಲ, ಇನ್ನೊಂದು ಪ್ಲೇಟ್ ಬಜ್ಜಿ ಹೇಳಿದ. ಬಜ್ಜಿಗೆ ಬೆಲೆ ಹೇಳುವವನು ಅದನ್ನು ಕರಿದವನೇ. ಗೋಡೆಗೆ ಬರೆದು ನೇತುಹಾಕಿದ್ದಾನೆ, ಚೌಕಾಸಿಗೆ ಜಾಗವಿಲ್ಲ.

ನೋಂದಣಿಗೆ ಹೋಗುವ ಕೇಂದ್ರದ್ದೂ ಒಂದು ಕಥೆ. 2020ರಲ್ಲಿ ಜಗನ್ ಸರ್ಕಾರ ತೆರೆದಾಗ ಅದು ರೈತು ಭರೋಸಾ ಕೇಂದ್ರ. 2024ರಲ್ಲಿ ಸರ್ಕಾರ ಬದಲಾದ ಮೇಲೆ ರೈತು ಸೇವಾ ಕೇಂದ್ರ. ಭರೋಸೆ ಹೋಗಿ ಸೇವೆ ಬಂತು, ಕಟ್ಟಡ ಅದೇ. ನಮ್ಮಲ್ಲಿ ರಾಜಕೀಯ ಹೆಚ್ಚು ಕೆಲಸ ಕೊಟ್ಟಿರುವುದು ಸುಣ್ಣಬಣ್ಣದವರ ಕೈಗೆ ಎಂಬುದು ನನ್ನ ಅಂದಾಜು.

ಮೂರನೆಯವರು ದೂರದವರು. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇ. 50ರ ಸುಂಕ ಹೇರಿತು. ಬಟ್ಟೆ ಗಿರಣಿಗಳು ಬಾಯಿ ಬಡಿದುಕೊಂಡವು. ಅವರನ್ನು ಸಮಾಧಾನಪಡಿಸಲು ದೆಹಲಿ ಹೊರಗಿನ ಹತ್ತಿಯ ಮೇಲಿದ್ದ ಶೇ. 11ರ ಆಮದು ಸುಂಕವನ್ನು ಡಿಸೆಂಬರ್ ಕೊನೆಯತನಕ ತೆಗೆದುಹಾಕಿತು. ಸರಿಯಾಗಿ ನಮ್ಮ ಹತ್ತಿ ಮಾರ್ಕೆಟ್ಟಿಗೆ ಬರುವ ತಿಂಗಳುಗಳು! ವಾಷಿಂಗ್ಟನ್ನಿನವರು ಸಿಟ್ಟಾದರೆ ದೇವನಕೊಂಡದವನ ಅಂಡಿಗೆ ಹಗುರಾಗುತ್ತದೆ.

ಇದನ್ನು ಹೊಸ ಕಾಲದ ಮಾಯೆ ಅಂದುಕೊಂಡರೆ ತಪ್ಪು. ಬಳ್ಳಾರಿ-ಕರ್ನೂಲು ಸೀಮೆಯ ಹತ್ತಿಗೆ ಇಂಗ್ಲಿಷರ ಪೇಟೆಯಲ್ಲಿ ‘ವೆಸ್ಟರ್ನ್ಸ್’ ಎಂದು ಹೆಸರಿತ್ತು. 1861ರಲ್ಲಿ ಅಮೆರಿಕದ ಉತ್ತರ ದಕ್ಷಿಣದವರು ಹೊಡೆದಾಡಿಕೊಂಡು ಅಲ್ಲಿಯ ಹತ್ತಿ ನಿಂತಾಗ ಈ ಕರಿನೆಲದ ಹತ್ತಿಗೆ ಬಂಗಾರದ ಬೆಲೆ ಬಂತು. 1865ರಲ್ಲಿ ಅವರ ಹೊಡೆದಾಟ ಮುಗಿಯಿತು, ಬೆಲೆ ಕೆಳಗೆ ಬಂತು. 1871ರಲ್ಲಿ ಮದ್ರಾಸು-ಮುಂಬಯಿ ರೈಲು ರಾಯಚೂರಿನಲ್ಲಿ ಕೂಡಿಕೊಂಡಿತು. ಹತ್ತಿ ಸಲೀಸಾಗಿ ಹೊರಗೆ ಹೋಗುವ ದಾರಿಯಾಯಿತು. 1876-78ರ ಬರಗಾಲದಲ್ಲಿ ಅದೇ ರೈಲು ಕಣ್ಣೆದುರೇ ಇದ್ದರೂ ಜನ ಸಾಲುಸಾಲಾಗಿ ಸತ್ತರು. ದಲ್ಲಾಳಿಯ ಕಥೆ ಇನ್ನೂ ಹಳೆಯದು. ದೇವನಕೊಂಡದ ಪಕ್ಕದ ಪತ್ತಿಕೊಂಡದಲ್ಲೇ 1827ರಲ್ಲಿ ಕಾಲರಾದಿಂದ ತೀರಿಕೊಂಡ ಥಾಮಸ್ ಮನ್ರೋ, ಕಂದಾಯಕ್ಕೆ ನಡುವಿನವರು ಬೇಡ, ರೈತ ನೇರ ಸರ್ಕಾರಕ್ಕೇ ಕಟ್ಟಲಿ ಎಂದು ರೈತವಾರಿ ತಂದವನು. ಕಟ್ಟುವಾಗಿನ ದಲ್ಲಾಳಿ ಹೋದ. ಮಾರುವಾಗಿನ ದಲ್ಲಾಳಿ ಉಳಿದುಕೊಂಡ.

ಬೆಲೆಯ ಹಾಗೆ ಗಡಿಯನ್ನೂ ಹೇಳಿದವರು ಬೇರೆಯವರೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ನಕ್ಷೆ ಬದಲಾಯಿತು, ಬೀಗತನ ಬದಲಾಗಲಿಲ್ಲ. ಇಂದಿಗೂ ಹೆಣ್ಣು ಕೊಟ್ಟು ತರುವುದು ಸಿರುಗುಪ್ಪ, ಬಳ್ಳಾರಿಯ ಕಡೆ. ಮಾರ್ಕೆಟ್ಟು ಮಾತ್ರ ಆದವಾನಿ. ಗಡಿ ಶಾಲೆಗಳಲ್ಲಿ ಕನ್ನಡದಲ್ಲಿ ಓದಿದ ಹುಡುಗ ಕೆಲಸದ ಅರ್ಜಿಯನ್ನು ಯಾವ ಸರ್ಕಾರಕ್ಕೆ ಬರೆಯಬೇಕೆಂದು ಯೋಚಿಸುತ್ತ ಕೂರುತ್ತಾನೆ.

ಹೀಗೆ ಎಲ್ಲರೂ ಬೆಲೆ ಹೇಳುವ ಸೀಮೆಯಲ್ಲಿ ಒಮ್ಮೆ ಜನ ಬೆಲೆ ಕೇಳಿಸಿಕೊಳ್ಳದೆಯೇ ‘ಬೇಡ’ ಅಂದದ್ದುಂಟು. ದೇವನಕೊಂಡ ಮಂಡಲದ ಕಪ್ಪಟ್ರಾಳ ಒಂದು ಕಾಲಕ್ಕೆ ಪಾರ್ಟಿ ಕಟ್ಟಿಕೊಂಡು ಹೊಡೆದಾಡಿದ್ದಕ್ಕೇ ಹೆಸರಾದ ಊರು. ಎಷ್ಟರಮಟ್ಟಿಗೆ ಅಂದರೆ, ಜಿಲ್ಲೆಯ ಎಸ್‌ಪಿಯಾಗಿದ್ದ ಎ. ರವಿಕೃಷ್ಣ ಆ ಊರನ್ನೇ ದತ್ತು ತೆಗೆದುಕೊಂಡರು. ಅಲ್ಲಿಯ ಮೀಸಲು ಅರಣ್ಯದಲ್ಲಿ ಯುರೇನಿಯಂ ಹುಡುಕಲು 68 ಕೊಳವೆ ಕೊರೆಯುವ ಪ್ರಸ್ತಾವ ಬೆಳಕಿಗೆ ಬಂದದ್ದು 2024ರಲ್ಲಿ. ಸುದ್ದಿ ಫೋನಿನಿಂದ ಫೋನಿಗೆ ಹಾರಿತು. ಕಡಪದ ತುಮ್ಮಲಪಲ್ಲಿಯಲ್ಲಿ ಯುರೇನಿಯಂ ಗಣಿಯ ಸುತ್ತಲಿನವರು ನೀರು ಕೆಟ್ಟಿತೆಂದು ಗೋಳಾಡುವುದು ಇವರಿಗೆ ಗೊತ್ತು. ನವೆಂಬರಿನಲ್ಲಿ ಸುತ್ತಲಿನ ಊರವರು ಪಾರ್ಟಿ ಮರೆತು ಕರ್ನೂಲು-ಬಳ್ಳಾರಿ ರಸ್ತೆಗೆ ಅಡ್ಡ ಕೂತರು. ಹುಡುಕುವುದಷ್ಟೇ, ಅಗೆಯುವುದಲ್ಲ ಎಂಬ ಅಧಿಕಾರಿಗಳ ಸಮಜಾಯಿಷಿ ನಡೆಯಲಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಹೋಗಲು ಬರುತ್ತಾರೆಯೇ? ಕೊನೆಗೆ ಕೊರೆಯುವುದಿಲ್ಲ ಎಂದು ಸರ್ಕಾರವೇ ಹೇಳಬೇಕಾಯಿತು.

ಇವರಿಗೆ ಅಭಿವೃದ್ಧಿ ಬೇಡ, ಕೈಗಾರಿಕೆ ಬೇಡ ಎಂದು ಆಗ ಕೆಲವರು ಅಂದರು. ಅಂದವರು ಒಮ್ಮೆ ಪತ್ತಿಕೊಂಡದ ಟೊಮ್ಯಾಟೊ ಮಾರ್ಕೆಟ್ಟಿಗೆ ಬರಬೇಕು. ದೇವನಕೊಂಡ, ಆಸ್ಪರಿ, ಆಲೂರು ಕಡೆಯ ಟೊಮ್ಯಾಟೊ ಎಲ್ಲ ಬಂದು ಬೀಳುವುದು ಅಲ್ಲೇ. ಹುಲುಸಾಗಿ ಬಂದ ವರ್ಷ ಕೆಜಿಗೆ ಒಂದೆರಡು ರೂಪಾಯಿ. ಬಿಡಿಸಿದ ಕೂಲಿ, ಗಾಡಿ ಬಾಡಿಗೆ, ಕಮಿಷನ್ ಕಳೆದರೆ ಕೈಯಿಂದಲೇ ಕೊಡಬೇಕು. ಆಗ ರಸ್ತೆಗೆ ಸುರಿಯುತ್ತಾರೆ, ಟಿವಿಯವರು ಬರುತ್ತಾರೆ, ಟೊಮ್ಯಾಟೊ ಫ್ಯಾಕ್ಟರಿಯ ಮಾತು ಮತ್ತೆ ಏಳುತ್ತದೆ. ಯುರೇನಿಯಂ ಬೇಡ ಅಂದವರೇ ಇದನ್ನು ಬೇಕು ಬೇಕು ಎಂದು ಚುನಾವಣೆಯಿಂದ ಚುನಾವಣೆಗೆ ಕೇಳಿಕೊಂಡು ಬಂದವರು. ಕೇಳಲು ಶುರುಮಾಡಿದವರ ಮೊಮ್ಮಕ್ಕಳು ಈಗ ಸಂಕ್ರಾಂತಿ ಕಳೆದ ಮೇಲೆ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ, ಇಲ್ಲವೇ ಬೆಂಗಳೂರಿಗೆ ಗಾರೆ ಕೆಲಸಕ್ಕೆ. ಅಲ್ಲಿ ಶೆಡ್ಡಿನ ಮುಂದೆ ತಳ್ಳುಗಾಡಿಯವನು ಹೇಳಿದ ಬೆಲೆ ಕೊಟ್ಟು ಕಾಲು ಕೆಜಿ ಟೊಮ್ಯಾಟೊ ಕೊಳ್ಳುತ್ತಾರೆ.